ಕೊಡೆ ಮಾದರಿಯ ಮೆಶ್ ರಿಫ್ಲೆಕ್ಟರ್: 2.4 ಗಿಗಾಹರ್ಟ್ಸ್‌ನಲ್ಲಿ ಸರಿ, 10.4ರಲ್ಲಿ 5 ಡಿಬಿ ಕಮ್ಮಿ

ಪ್ರಶ್ನೆ:
ಕೊಡೆಯಂತೆ ಬಿಚ್ಚಿಕೊಳ್ಳುವ ಆಂಟೆನಾ ರಿಫ್ಲೆಕ್ಟರ್ (ಸಿಗ್ನಲನ್ನು ಫೋಕಸ್‌ಗೆ ಸೇರಿಸುವ ತಟ್ಟೆ). ವ್ಯಾಸ 1.2 ಮೀಟರ್, ಫೋಕಸ್ 480 ಮಿಮೀ, 12 ಕಡ್ಡಿ. ಹೆಣೆದ ಲೋಹದ ಮೆಶ್, ಕಣ್ಣು ಸುಮಾರು 2.5 ಮಿಮೀ. 2.4 ಗಿಗಾಹರ್ಟ್ಸ್‌ನಲ್ಲಿ ಗೇನ್ (ಸಿಗ್ನಲನ್ನು ಒಂದೇ ದಿಕ್ಕಿಗೆ ಕೇಂದ್ರೀಕರಿಸುವ ಬಲ) ಲೆಕ್ಕಕ್ಕಿಂತ 0.3 ಡಿಬಿ ಮಾತ್ರ ಕಮ್ಮಿ, 10.4ರಲ್ಲಿ 5 ಡಿಬಿ ಕಮ್ಮಿ. ಫೋಟೋಗ್ರಾಮೆಟ್ರಿಯಲ್ಲಿ (ಫೋಟೋಗಳಿಂದ ಆಕಾರ ಅಳೆಯುವ ವಿಧಾನ) ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ದೋಷ 0.4 ಮಿಮೀ. ಮೆಶ್ ಸೋರುತ್ತಿದೆಯೇ? ಸಣ್ಣ ಕಣ್ಣಿನದು ತರಿಸಲೇ?

ಉತ್ತರ:
ಮೆಶ್‌ಗೆ ಈಗಲೇ ದುಡ್ಡು ಹಾಕಬೇಡಿ. ಟಾರ್ಗೆಟ್ ಸ್ಟಿಕ್ಕರ್ ಎಲ್ಲೆಲ್ಲಿ ಅಂಟಿಸಿದ್ದೀರಿ?

ಪ್ರಶ್ನೆ:
ಕಡ್ಡಿಗಳ ಮೇಲೆ ಮಾತ್ರ ಸರ್, ಕಡ್ಡಿಗೆ 8ರಂತೆ.

ಉತ್ತರ:
ಹಾಗಾದರೆ ನೀವು ಅಳೆದದ್ದು ಕಡ್ಡಿಗಳನ್ನು, ಮೆಶ್ಶನ್ನಲ್ಲ. ಎರಡು ಕಡ್ಡಿಗಳ ನಡುವೆ ಮೆಶ್ ನೇರ ಎಳೆದುಕೊಂಡು, ಬೇಕಾದ ಬೋಗುಣಿ ಆಕಾರವಾದ ಪ್ಯಾರಾಬೊಲಾಯ್ಡ್‌ಗಿಂತ ಫೋಕಸ್ ಕಡೆಗೆ ಎದ್ದಿರುತ್ತದೆ. ನಿಮ್ಮ ಅಳತೆಗೆ ಅಂಚಿನ ಹತ್ತಿರ ಇದು ಸುಮಾರು 12 ಮಿಮೀ. ಮೆಶ್‌ನ ಬಿಗಿತ ಅದನ್ನು ಇನ್ನಷ್ಟು ಎತ್ತುತ್ತದೆ.

ಇದರಿಂದ ಎರಡು ಕಡೆ ಪೆಟ್ಟು. ಮೊದಲನೆಯದು, ನಿಜವಾದ ಫೋಕಸ್ 480ರಲ್ಲಿಲ್ಲ, 458ರ ಆಸುಪಾಸಿನಲ್ಲಿದೆ. 10.4ರಲ್ಲಿ ತರಂಗಾಂತರ 29 ಮಿಮೀ, ಆದ್ದರಿಂದ ಫೀಡ್ (ಫೋಕಸ್‌ನಲ್ಲಿ ಕೂರಿಸುವ, ಸಿಗ್ನಲ್ ಕಳಿಸುವ-ಹಿಡಿಯುವ ಭಾಗ) 22 ಮಿಮೀ ತಪ್ಪಿದರೆ 2 ಡಿಬಿಗೂ ಹೆಚ್ಚು ಹೋಗುತ್ತದೆ. ಎರಡನೆಯದು, ಫೀಡ್ ಸರಿಯಾದ ಜಾಗಕ್ಕೆ ತಂದರೂ ಉಳಿಯುವ ಮೇಲ್ಮೈ ದೋಷ ಸುಮಾರು 1.8 ಮಿಮೀ. ಮೇಲ್ಮೈ ದೋಷಕ್ಕೆ ಗೇನ್ ಎಷ್ಟು ಇಳಿಯುತ್ತದೆಂದು ಹೇಳುವ ರೂಝ್ ಸೂತ್ರದಲ್ಲಿ ಹಾಕಿ: ದೋಷವನ್ನು ತರಂಗಾಂತರದಿಂದ ಭಾಗಿಸಿ, ವರ್ಗ ಮಾಡಿ, 686ರಿಂದ ಗುಣಿಸಿ. 10.4ಕ್ಕೆ 2.7 ಡಿಬಿ, 2.4ಕ್ಕೆ ಬರೀ 0.14. ನಿಮ್ಮ ಎರಡು ಓದುಗಳೂ (ರೀಡಿಂಗ್) ಇದಕ್ಕೆ ಹೊಂದುತ್ತವೆ.

ಮೊದಲು ಫೀಡನ್ನು 2 ಮಿಮೀ ಹಂತದಲ್ಲಿ 480ರಿಂದ 445ರವರೆಗೆ ಒಳಕ್ಕೆ ಸರಿಸಿ ಗೇನ್ ಬರೆದುಕೊಳ್ಳಿ. ಖರ್ಚಿಲ್ಲದ ಪರೀಕ್ಷೆ ಇದು. ಆಮೇಲೆ ಕಡ್ಡಿಗಳ ನಡುವಿನ ಮೆಶ್‌ಗೂ ತೆಳು ಸ್ಟಿಕ್ಕರ್ ಅಂಟಿಸಿ ಮತ್ತೆ ಅಳೆಯಿರಿ. ದಪ್ಪ ಸ್ಟಿಕ್ಕರ್ ಬೇಡ, ಅದರ ಭಾರಕ್ಕೇ ಮೆಶ್ ಜೋಲುತ್ತದೆ.

ಇನ್ನೊಬ್ಬರ ಉತ್ತರ:
ರಿಫ್ಲೆಕ್ಟರಿನ ಬಾಯಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ಅಳೆದು ಸರಾಸರಿ ತೆಗೆಯಿರಿ, ಗುರುತ್ವದ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ. ಸೋರಿಕೆಯ ಅನುಮಾನ ಉಳಿದರೆ ಮೆಶ್ ತುಂಡೊಂದನ್ನು ಚೌಕಟ್ಟಿಗೆ ಬಿಗಿದು ಎರಡು ಕಹಳೆಯಾಕಾರದ ಆಂಟೆನಾಗಳ, ಅಂದರೆ ಹಾರ್ನ್‌ಗಳ ನಡುವೆ ಇಡಿ. ಆಚೆ ಹೋಗುವುದು 20 ಡಿಬಿ ಕೆಳಗಿದ್ದರೆ ನಷ್ಟ 0.04 ಡಿಬಿ, ಮರೆತುಬಿಡಿ. ಬಿಗಿತ ಬದಲಿಸಿದಾಗ ಓದು ಕುಣಿಯುತ್ತಿದ್ದರೆ ಕುಣಿಕೆಗಳಲ್ಲಿ ತಂತಿಗೆ ತಂತಿ ಸರಿಯಾಗಿ ತಾಗುತ್ತಿಲ್ಲ. ಉಪಗ್ರಹಗಳಲ್ಲಿ ಮಾಲಿಬ್ಡಿನಮ್ ತಂತಿಗೆ ಚಿನ್ನದ ಲೇಪ ಕೊಡುವುದು ಇದಕ್ಕೇ.

ಪ್ರಶ್ನೆ:
ಫೀಡ್ 456ರಲ್ಲಿ 2.2 ಡಿಬಿ ವಾಪಸ್ ಬಂತು. ಉಳಿದದ್ದಕ್ಕೆ?

ಉತ್ತರ:
ಕಡ್ಡಿ ಹೆಚ್ಚಿಸಿ. 24 ಮಾಡಿದರೆ ದೋಷ ಕಾಲು ಭಾಗಕ್ಕೆ ಇಳಿಯುತ್ತದೆ, ನಷ್ಟ 0.2 ಡಿಬಿಯೊಳಗೆ. ಮಳೆ ಅಳೆಯುವ ರಾಡಾರ್ ಹೊತ್ತ 2018ರ ಪುಟ್ಟ ಉಪಗ್ರಹ ರೇನ್‌ಕ್ಯೂಬ್‌ನ ಅರ್ಧ ಮೀಟರ್ ಆಂಟೆನಾಗೇ 30 ಕಡ್ಡಿ ಇದ್ದವು, ಅದು 35.75 ಗಿಗಾಹರ್ಟ್ಸ್‌ನದು. ಕಡ್ಡಿ ಬೇಡವೆಂದರೆ ಹಿಂದೆ ದಾರದ ಬಲೆ ಕಟ್ಟಿ ಕಡ್ಡಿಗಳ ನಡುವಿನ ಮೆಶ್ಶನ್ನು ಹಿಂದಕ್ಕೆ ಎಳೆಯಬಹುದು, 120 ಮಿಮೀ ತ್ರಿಕೋನಗಳು ಸಾಕು. ಆದರೆ ಮಡಚುವಾಗ ದಾರ ಸಿಕ್ಕಿಹಾಕಿಕೊಳ್ಳುವ ಕಾಟ ದೊಡ್ಡದು, ನಾನಂತೂ ಕಡ್ಡಿಯೇ ಮೇಲು ಅನ್ನುತ್ತೇನೆ. ಮತ್ತೆ, 24 ಹಾಕಿದ ಮೇಲೆ ಫೀಡನ್ನು 456ರಲ್ಲೇ ಬಿಡಬೇಡಿ. ಫೋಕಸ್ 475ರ ಹತ್ತಿರಕ್ಕೆ ಹೋಗಿರುತ್ತದೆ, ಹೊಸದಾಗಿ ಹುಡುಕಿ.