ಬಾಸ್ ಲೂರ್‌ಗಳಲ್ಲಿ ನಮ್ಮ ಕಡೆ ಕೊರವ ಮೀನಿಗೆ ಯಾವುದು ತರಿಸಲಿ? (ಸೂಳೆಕೆರೆ, ದೇವರಬೆಳಕೆರೆ, ಹರಿಹರ)

ಕೆರೆಏರಿ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಮಗ ಮುಂದಿನ ತಿಂಗಳು ಟೆಕ್ಸಾಸ್‌ನಿಂದ ಊರಿಗೆ ಬರ್ತಿದಾನೆ. ಅಲ್ಲಿ ಬಾಸ್ ಮೀನಿಗೆ ಹಾಕೋ ಲೂರ್ (ಗಾಳ ಇರೋ ನಕಲಿ ಎರೆ) ಏನಾದ್ರೂ ಬೇಕಾ ಅಂತ ಕೇಳಿದಾನೆ. ಐದಾರು ಐಟಂ ಹೇಳಬಹುದು, ಅದಕ್ಕಿಂತ ಜಾಸ್ತಿ ಕೇಳೋಕೆ ಸಂಕೋಚ.

ನಾನು ಗಾಳ ಹಾಕೋದು ಸೂಳೆಕೆರೆ, ದೇವರಬೆಳಕೆರೆ ಪಿಕಪ್ ಡ್ಯಾಂ, ಹರಿಹರದ ಹತ್ತಿರ ತುಂಗಭದ್ರಾ ಹೊಳೆ. ಗುರಿ ಕೊರವ, ಹೊಳೇಲಿ ಆದ್ರೆ ಬಾಳೆ ಮೀನು. ಇರೋ ಸಾಮಾನು: 7 ಅಡಿ ಮೀಡಿಯಂ ಹೆವಿ ರಾಡು, 3000 ಸೈಜಿನ ಸ್ಪಿನ್ನಿಂಗ್ ರೀಲು, 0.35 ಮಿ.ಮೀ. ನೈಲಾನ್ ದಾರ.

ವಿಡಿಯೋ ನೋಡಿದ್ರೆ ಒಬ್ಬ ಕ್ರ್ಯಾಂಕ್‌ಬೈಟ್ (ಮುಂದೆ ತುಟಿ ಇರೋ ಗಟ್ಟಿ ನಕಲಿ ಮೀನು) ಅಂತಾನೆ, ಇನ್ನೊಬ್ಬ ಸ್ಪಿನ್ನರ್‌ಬೈಟ್ (ತಂತಿ ತೋಳಲ್ಲಿ ತಿರುಗೋ ತಗಡು ಇರೋದು), ಮತ್ತೊಬ್ಬ ರಬ್ಬರ್ ಹುಳು. ನಮ್ಮ ನೀರಿಗೆ ನಂಬಿ ಕೂರಬಹುದಾದವು ಯಾವು? ಇನ್ನೊಂದು ವಿಷಯ, ಇಲ್ಲಿ ಸಿಗೋ ರಬ್ಬರ್ ಕಪ್ಪೆಗೆ ಮೀನು ಧಡ್ ಅಂತ ಹೊಡೀತದೆ, ಆದ್ರೆ ಗಾಳಕ್ಕೆ ಕಚ್ಚಿಕೊಳ್ಳೋದಿಲ್ಲ. ಅದು ಯಾಕೆ?

ಹರಿಹರದ_ಗಾಳ:

ಮೊದ್ಲು ದಾರ ಬದಲಾಯಿಸ್ರಿ, ಲೂರ್ ಆಮೇಲೆ. ನೈಲಾನ್ ಹಿಗ್ಗುತ್ತೆ. 25 ಮೀಟರ್ ಆಚೆ ಕಳೆ ಮೇಲೆ ಮೀನು ಕಪ್ಪೆ ನುಂಗಿದಾಗ ನೀವು ಎಷ್ಟು ಜೋರಾಗಿ ಎಳೆದ್ರೂ ಆ ಎಳೆತ ದಾರದಲ್ಲೇ ಕರಗಿ ಹೋಗುತ್ತೆ. ಗಾಳದ ಮೊನೆ ದವಡೆಗೆ ಇಳಿಯೋದೇ ಇಲ್ಲ.

ಬಾಸ್‌ಗೂ ಕೊರವಕ್ಕೂ ಇರೋ ವ್ಯತ್ಯಾಸ ಇಲ್ಲೇ ಲೆಕ್ಕಕ್ಕೆ ಬರೋದು. ಎರಡೂ ಕಳೆ ಮರೇಲಿ ಹೊಂಚು ಹಾಕಿ ಕೂರೋ ಜಾತಿ. ಅದಕ್ಕೇ ಅಮೆರಿಕದ ಬಾಸ್ ಲೂರ್‌ಗೆ ನಮ್ಮ ಕೊರವ ಬೀಳೋದು. ಆದ್ರೆ ಬಾಸ್ ಬಾಯಿ ಅಗಲ, ಹಲ್ಲು ಉಪ್ಪುಕಾಗದದ ತರ ಸಣ್ಣ. ಕೊರವದ ದವಡೆ ಗಟ್ಟಿ ಮೂಳೆ, ಹಲ್ಲೂ ಚೂಪು. ಕಚ್ಚಿ ಹಿಡಿದಾಗ ಲೂರ್ ಬಾಯೊಳಗೆ ಅಲುಗಾಡಲ್ಲ, ಗಾಳ ಸರಿದು ಚುಚ್ಚೋಕೆ ಜಾಗಾನೇ ಇರಲ್ಲ. ದಪ್ಪ ತಂತಿಯ ಚೂಪು ಗಾಳ, ಹಿಗ್ಗದ ದಾರ, ಇವೆರಡೂ ಇಲ್ದೆ ಎಂಥ ಲೂರ್ ತಂದ್ರೂ ದಂಡ.

30ರಿಂದ 40 ಪೌಂಡ್ ಎಳೆತ ತಡೆಯೋ ಬ್ರೇಡ್ (ಹೆಣೆದ ದಾರ, ಹಿಗ್ಗಲ್ಲ) 120 ಮೀಟರ್ ಸಾಕು. ರೀಲಿನ ತಳಕ್ಕೆ ಮೊದ್ಲು 15 ಮೀಟರ್ ಹಳೇ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ನೇರವಾಗಿ ಸುತ್ತಿದ್ರೆ ಭಾರ ಬಿದ್ದಾಗ ಇಡೀ ಸುತ್ತು ಸ್ಪೂಲ್ ಮೇಲೆ ಜಾರುತ್ತೆ. ಆಗ ಡ್ರ್ಯಾಗ್ (ದಾರ ಬಿಡೋ ಬಿಗಿ) ಕೆಟ್ಟಿದೆ ಅಂದ್ಕೊಂಡು ರೀಲು ಬಿಚ್ಚಿ ಕೂರೋರು ಬಹಳ. ಲೂರ್‌ಗೆ ಪ್ಯಾಲೊಮಾರ್ ಗಂಟು, ಬಿಗಿಯೋ ಮುಂಚೆ ಉಗುಳು ಹಚ್ಚಿ.

ಈಗ ಕಪ್ಪೆ. ಒಳಗೆ ಟೊಳ್ಳಿರೋ 2.5 ಇಂಚಿನದು, ಅರ್ಧ ಔನ್ಸ್ ಅಂದ್ರೆ 14 ಗ್ರಾಂ. ಬೂಯಾ ಕಂಪನಿಯ ಪ್ಯಾಡ್ ಕ್ರ್ಯಾಷರ್ ಎರಡು ಹೇಳಿ. ಒಂದು ಪೂರಾ ಕಪ್ಪು, ಇನ್ನೊಂದು ಹೊಟ್ಟೆ ಬಿಳಿ ಇರೋದು. ಮೀನು ನೋಡೋದು ಕೆಳಗಿಂದ. ಬೆನ್ನ ಮೇಲಿನ ಚಿತ್ತಾರ ಕೊಳ್ಳೋರಿಗೆ ಅಂತ ಬರೆದಿರೋದು.

ಹೊಡೆದು ಕಚ್ಚಿಕೊಳ್ಳಲ್ಲ ಅಂದ್ರಲ್ಲ, ನಿಮ್ಮ ಹತ್ರ ಇರೋ ಕಪ್ಪೇನ ಹೆಬ್ಬೆರಳಲ್ಲಿ ಮೆತ್ತಗೆ ಒತ್ತಿ ನೋಡಿ. ಒತ್ತಿದ ಕೂಡ್ಲೇ ಎರಡೂ ಗಾಳದ ಮೊನೆ ಬೆನ್ನಿಂದ ಪೂರ್ತಿ ಮೇಲೆ ಬರಬೇಕು. ಜೋರಾಗಿ ಅದುಮಿದ್ರೆ ಮಾತ್ರ ಬರ್ತದೆ ಅಂದ್ರೆ ರಬ್ಬರ್ ಗಟ್ಟಿ, ಅದನ್ನ ಬಿಡಿ. ಮೆತ್ತಗಿದ್ರೆ ಇಕ್ಕಳದಲ್ಲಿ ಒಂದೊಂದೇ ಗಾಳ ಹಿಡಿದು 2 ಮಿ.ಮೀ.ನಷ್ಟು ಹೊರಗೆ ಅಗಲಿಸಿ. ಅದಕ್ಕಿಂತ ಜಾಸ್ತಿ ಅಗಲಿಸಿದ್ರೆ ಜೊಂಡು, ತಾವರೆ ದಂಟು ಎಲ್ಲಾ ಸಿಕ್ಕಿಕೊಳ್ಳುತ್ತೆ. ಸಣ್ಣ ಅರದಲ್ಲಿ ಮೊನೆ ಉಜ್ಜಿ. ಮೊನೇನ ಉಗುರಿನ ಮೇಲೆ ಇಟ್ಟು ಸವರಿದ್ರೆ ಜಾರಬಾರದು, ಕೊರೆದು ನಿಲ್ಲಬೇಕು. ಹಿಂದಿನ ದಾರದ ಕಾಲುಗಳನ್ನ ಮೂರನೇ ಒಂದು ಭಾಗ ಕತ್ತರಿಸಿ, ಎರಡೂ ಒಂದೇ ಅಳತೆ. ಉದ್ದ ಇದ್ರೆ ಮೀನು ಕಾಲು ಮಾತ್ರ ಹಿಡಿದು ಬಿಡ್ತದೆ. ಒಂದು ಗಿಡ್ಡ ಒಂದು ಉದ್ದ ಆದ್ರೆ ಕಪ್ಪೆ ಒಂದೇ ಕಡೆಗೆ ಎಳೆಯುತ್ತೆ.

ಎಳೆಯೋ ರೀತಿ: ಕಳೆ ಮಧ್ಯೆ ನೀರು ಕಾಣೋ ಕಿಂಡಿ ದಾಟಿಸಿ ಎಸೀರಿ, ಕಳೆ ಮೇಲೆ ಕುಪ್ಪಳಿಸಿಕೊಂಡು ತಂದು ಕಿಂಡಿಯಲ್ಲಿ ಮೂರ್ನಾಲ್ಕು ಸೆಕೆಂಡ್ ನಿಲ್ಲಿಸಿ. ಕೊರವ ಉಸಿರಿಗೆ ಮೇಲೆ ಬಂದೇ ಬರಬೇಕು. ಬುಳಕ್ ಅಂತ ಉಂಗುರ ಎದ್ದ ಕಡೆ ತಲೆ ಮೇಲೇ ಬೀಳಿಸಬೇಡಿ, ಓಡಿ ಹೋಗುತ್ತೆ. ಎರಡು ಮೀಟರ್ ಆಚೆ ಹಾಕಿ ಅಡ್ಡ ಎಳೀರಿ. ನೀರು ಸಿಡಿದ ಕೂಡ್ಲೇ ರಾಡು ಎತ್ತೋದು ಎಲ್ಲಕ್ಕಿಂತ ದೊಡ್ಡ ತಪ್ಪು. ರಾಡಿನ ತುದಿ ನೀರಿನ ಕಡೆ ತಗ್ಗಿಸಿ, ಸಡಿಲ ದಾರ ಸುತ್ತಿ, ಕೈಗೆ ಮೀನಿನ ಭಾರ ಗೊತ್ತಾದ ಮೇಲೆ ಒಂದೇ ಸಲ ಬಲವಾಗಿ ಎಳೀರಿ. ತಪ್ಪಿಸಿಕೊಂಡ್ರೆ ಕಪ್ಪೇನ ಅಲ್ಲೇ ಬಿಡಿ, ಸ್ವಲ್ಪ ಹೊತ್ತು ಬಿಟ್ಟು ಸಣ್ಣಗೆ ಅಲುಗಿಸಿ. ಅದೇ ಮೀನು ವಾಪಸ್ ಬರೋದು ಉಂಟು.

ಕಪ್ಪೆ ಒಳಗೆ ನೀರು ಹೋಗೇ ಹೋಗುತ್ತೆ. ಹಿಂಭಾಗ ಮುಳುಗಿಕೊಂಡು ಬರ್ತಿದ್ರೆ ಎತ್ತಿ ಹಿಂಡಿ. ಹಲ್ಲಿಂದ ತೂತಾದ್ರೆ ಫೆವಿಕ್ವಿಕ್ ಹಾಕಬೇಡಿ, ಗಾಜಿನಂಗೆ ಗಟ್ಟಿಯಾಗಿ ಮುಂದಿನ ಹೊಡೆತಕ್ಕೆ ಬಿರುಕು ಬಿಡುತ್ತೆ. ಸೂಜಿ ಕಾಯಿಸಿ ತೂತಿನ ಅಂಚು ಕರಗಿಸಿ ಬೆಸೆದ್ರೆ ತಡೆಯುತ್ತೆ.

ವೇದಾವತಿ_ಹಿರಿಯೂರು:

ಕಪ್ಪೆ ವಿಷಯ ಒಪ್ಪಿದೆ ಅಣ್ಣ. ಆದ್ರೆ ಒಂದೇ ಒಂದು ಲೂರ್ ಅಂದ್ರೆ ನನ್ನ ಓಟು ಸ್ಪಿನ್ನರ್‌ಬೈಟ್‌ಗೆ. ಕಪ್ಪೆಗೆ ನೀರು ಶಾಂತವಾಗಿರಬೇಕು, ಮೀನಿನ ಗಮನ ಮೇಲಕ್ಕಿರಬೇಕು. ಮಧ್ಯಾಹ್ನದ ಗಾಳಿಗೆ ಸೂಳೆಕೆರೆಯಂಥ ದೊಡ್ಡ ಕೆರೇಲಿ ಅಲೆ ಎದ್ರೆ, ಇಲ್ಲಾ ಮಳೆ ಬಂದು ನೀರು ಕೆಂಪಾದ್ರೆ ಕಪ್ಪೆ ಕೆಲಸ ಮುಗೀತು. ಆಗ ಮೀನು ಕಣ್ಣಿಗಿಂತ ನೀರಿನ ಅದುರು ನಂಬುತ್ತೆ.

3/8 ಔನ್ಸಿನದು (ಸುಮಾರು 10 ಗ್ರಾಂ) ತರಿಸು. ತಗಡು ಎರಡು ತರ ಬರ್ತದೆ. ದುಂಡಗಿರೋ ಕೊಲರಾಡೊ ತಗಡು ನಿಧಾನಕ್ಕೆ ತಿರುಗಿದ್ರೂ ಜೋರಾಗಿ ಅದುರುತ್ತೆ, ಕೆಂಪು ನೀರಿಗೆ ಅದೇ ಸರಿ. ಉದ್ದನೆ ವಿಲೋ ತಗಡು ತಿಳಿ ನೀರಿಗೆ, ಬೇಗ ಎಳೆಯೋಕೆ. ದಾವಣಗೆರೆ ಕಡೆಗೆ ಕೊಲರಾಡೊನೇ ಇರಲಿ. ಸ್ಕರ್ಟು (ಗಾಳದ ಸುತ್ತ ಇರೋ ರಬ್ಬರ್ ಎಳೆ) ಬಿಳಿ ಒಂದು, ಕಪ್ಪು ಒಂದು.

ಕಟ್ಟೋವಾಗ ಒಂದು ಎಚ್ಚರ. ತಂತಿ ಬಗ್ಗಿರೋ ಮೂಲೆ ಮುಚ್ಚದೆ ತೆರೆದೇ ಇದ್ರೆ ಅಲ್ಲಿಗೆ ಸ್ನ್ಯಾಪ್ (ಬಿಚ್ಚಿ ಹಾಕೋ ಕೊಂಡಿ) ಹಾಕಬೇಡ, ಅದು ಜಾರಿ ತಗಡಿನ ತೋಳಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ದಾರ ನೇರವಾಗಿ ಮೂಲೆಗೇ ಕಟ್ಟು. ಮೀನು ಹಿಡಿದ ಮೇಲೆ ತಂತಿ ಸೊಟ್ಟಗಾಗುತ್ತೆ, ಆಮೇಲೆ ಲೂರ್ ಮಗ್ಗುಲಾಗಿ ಮಲಗಿಕೊಂಡು ಬರುತ್ತೆ. ಮುಂದಿನಿಂದ ನೋಡಿದ್ರೆ ಮೇಲಿನ ತೋಳು ಗಾಳದ ಮೊನೆಗೆ ನೇರ ಇರಬೇಕು, ಕೈಯಲ್ಲೇ ಬಗ್ಗಿಸಿ ಸರಿ ಮಾಡಬಹುದು.

ಎರಡನೇದು ಮೆತ್ತನೆ ರಬ್ಬರ್. 4 ಇಂಚಿನ ಪ್ಯಾಡಲ್ ಟೇಲ್ (ಅಗಲ ಬಾಲ ಅಲುಗೋ ರಬ್ಬರ್ ಮೀನು) ಒಂದು ಪ್ಯಾಕೆಟ್, 5 ಇಂಚಿನ ಸೆಂಕೊ (ಕಡ್ಡಿಯಂಥ ರಬ್ಬರ್ ಹುಳು) ಒಂದು ಪ್ಯಾಕೆಟ್. ಸೆಂಕೊದಲ್ಲಿ ಉಪ್ಪು ಬೆರೆತಿರೋದ್ರಿಂದ ಸೀಸ ಇಲ್ದೇನೇ ದೂರ ಹೋಗುತ್ತೆ, ಅಡ್ಡಡ್ಡ ನಡುಗಿಕೊಂಡು ಮುಳುಗುತ್ತೆ. ಹೆಚ್ಚಿನ ಹೊಡೆತ ಬೀಳೋದು ಆ ಮುಳುಗೋ ಹೊತ್ತಲ್ಲೇ, ಅದಕ್ಕೆ ನೀರಿಗೆ ಬಿದ್ದ ಮೇಲೆ ಹ್ಯಾಂಡಲ್ ತಿರುಗಿಸಬೇಡ, ದಾರ ನೋಡ್ತಾ ಇರು. ಪಕ್ಕಕ್ಕೆ ಸರಿದ್ರೆ ಮೀನು ಬಾಯಲ್ಲಿ ಐತೆ ಅಂತ.

ಗಾಳ 4/0 ಸೈಜಿನ ಅಗಲ ಕೊಕ್ಕೆಯ ಆಫ್‌ಸೆಟ್ (ಕಣ್ಣಿನ ಹತ್ರ ಮಡಚಿರೋದು), ದಪ್ಪ ತಂತಿಯದು. ಏರಿಸೋದು ಹೀಗೆ: ಮೊನೇನ ರಬ್ಬರ್ ತಲೆಯ ಮಧ್ಯಕ್ಕೆ ಅರ್ಧ ಸೆಂಟಿಮೀಟರ್ ಇಳಿಸಿ ಕೆಳಗಿಂದ ತೆಗಿ. ರಬ್ಬರನ್ನ ಗಾಳದ ಕಣ್ಣಿನವರೆಗೆ ಎಳೆದು ಗಾಳ ತಿರುಗಿಸು. ಕೊಕ್ಕೆ ಎಲ್ಲಿಗೆ ಬರುತ್ತೆ ಅಂತ ಹೊರಗಡೆಯೇ ಅಳತೆ ಹಿಡಿದು, ಆ ಜಾಗದಲ್ಲೇ ಮೊನೆ ತೂರಿಸಿ, ಬೆನ್ನಿನ ಚರ್ಮದ ಕೆಳಗೆ ತುದಿ ಮರೆಮಾಡು. ರಬ್ಬರ್ ಕಡ್ಡಿಯಂಗೆ ನೆಟ್ಟಗೆ ಕೂರಬೇಕು. ಸ್ವಲ್ಪ ಡೊಂಕಾದ್ರೂ ನೀರಲ್ಲಿ ಗಿರಗಿರ ತಿರುಗಿ ದಾರ ಹೊಸೆದು ಹೋಗುತ್ತೆ.

ವಾಣಿವಿಲಾಸ ಸಾಗರದ ಹಿನ್ನೀರಿಗೆ ಬರೋರಿಗೂ ಇದೇ ಗಾಳ ಹೇಳ್ತೀನಿ. 1907ರಲ್ಲಿ ಮುಗಿದ ಆ ಕಟ್ಟೆ 1933ರ ಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ದಶಕಗಟ್ಟಲೆ ಒಣಗಿದ್ದ ಅಂಚಲ್ಲಿ ಜಾಲಿ ಬೆಳೆದಿತ್ತು, ನೀರು ಏರಿದಾಗ ಅದೆಲ್ಲ ಮುಳುಗಿತು. ಅಲ್ಲಿ ಮೂರು ಮೊನೆ ಗಾಳದ ಲೂರ್ ಎಸೆದ್ರೆ ಜಾಲಿಗೆ ಕಾಣಿಕೆ ಕೊಟ್ಟಂಗೆ.

ಚನ್ನಗಿರಿ_ಬೆಂಡು:

ಲೂರ್ ಬಗ್ಗೆ ಇಬ್ರೂ ಹೇಳಿದಾರೆ, ನಾನು ಬೇರೆ ಎರಡು ಮಾತು ಹೇಳ್ತೀನಿ.

ಕೆರೆಗಳ ಮೀನು ಹಕ್ಕು ಗುತ್ತಿಗೆಗೆ ಹೋಗಿರುತ್ತೆ, ಇಲ್ಲಾ ಮೀನುಗಾರರ ಸಹಕಾರ ಸಂಘದ ಕೈಲಿರುತ್ತೆ. ಯಾರ ಹತ್ರ ಇದೆ ಅಂತ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಅವರ ಒಪ್ಪಿಗೆ ತಗೊಂಡೇ ರಾಡು ಬಿಚ್ಚಿ. ಗಾಳಕ್ಕೆ ಯಾರು ಕೇಳ್ತಾರೆ ಅಂದ್ಕೊಂಡು ಹೋದ್ರೆ ಏರಿ ಮೇಲೆ ಜಗಳ ಗ್ಯಾರಂಟಿ. ದಾವಣಗೆರೆಯ ಕುಂದುವಾಡ ಕೆರೆ ಕುಡಿಯೋ ನೀರಿನದು, ಅದರ ಯೋಚನೇನೇ ಬೇಡ.

ಮಳೆಗಾಲದಲ್ಲಿ ಕಳೆ ಅಂಚಿಗೆ ಕೆಂಪು ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದೀತಾ ಇರೋದು ಕಾಣುತ್ತೆ. ಅದು ಕೊರವದ ಮರಿ, ತಾಯಿ ತಂದೆ ಕೆಳಗೇ ಕಾವಲಿರ್ತವೆ. ಆಗ ಯಾವ ಲೂರ್ ಹಾಕಿದ್ರೂ ಹೊಡೀತವೆ, ಹಸಿವಿಗಲ್ಲ, ಮರಿ ಕಾಯೋಕೆ. ಅದನ್ನ ಹಿಡಿದ್ರೆ ಇಡೀ ಗುಂಪು ಬೇರೆ ಮೀನಿನ ಬಾಯಿಗೆ ಹೋಗುತ್ತೆ. ಅಂಥ ಕಡೆ ಎಸೀಬೇಡಿ. ಅದನ್ನ ವಿಡಿಯೋ ಮಾಡಿ "ಈ ಲೂರ್ ಸೂಪರ್" ಅಂತ ಹಾಕೋರನ್ನ ನಂಬಲೂ ಬೇಡಿ.

ಕೆರೆಏರಿ_ದಾವಣಗೆರೆ:

ತುಂಬಾ ಉಪಯೋಗ ಆಯ್ತು. ಕಪ್ಪೆ ಒತ್ತಿ ನೋಡಿದೆ, ಒಂದು ಮೊನೆ ಹೊರಗೆ ಬರ್ತದೆ, ಇನ್ನೊಂದು ಒಳಗೇ ಉಳೀತದೆ. ಹೊಳೆಗೆ ಏನು ಹೇಳಲಿ? ಕ್ರ್ಯಾಂಕ್‌ಬೈಟ್ ಬೇಡವೇ ಬೇಡ್ವಾ? ಚಾಟರ್‌ಬೈಟ್ (ಮುಂದೆ ಅದುರೋ ತಗಡು ಇರೋ ಲೂರ್)? ಬಾಳೆ ಮೀನಿಗೆ ಸ್ಟೀಲ್ ತಂತಿ ಬೇಕಾ?

ಹರಿಹರದ_ಗಾಳ:

ಒಂದು ಮೊನೆ ಒಳಗೇ ಉಳಿಯೋದು ಗಾಳ ಸೊಟ್ಟ ಕೂತಿರೋದಕ್ಕೆ. ಗಾಳಾನ ಹಿಂದಕ್ಕೆ ಎಳೆದು ರಬ್ಬರ್ ನೇರ ಮಾಡಿ ಮತ್ತೆ ಕೂರಿಸಿ ನೋಡಿ.

ಕ್ರ್ಯಾಂಕ್‌ಬೈಟ್ ಕೆರೆಗೆ ಬೇಡ, ಹೊಳೆಗೆ ಬೇಕು. ಬೇಸಿಗೆಯಲ್ಲಿ ಹರಿಹರದ ಕಡೆ ನೀರು ಇಳಿದು ಬಂಡೆ ಎದ್ದಾಗ ರಾಪಾಲಾ ಡಿಟಿ 6 ಚೆನ್ನಾಗಿ ನಡೆಯುತ್ತೆ. 6 ಅಡಿ ಆಳಕ್ಕೆ ಇಳಿಯೋ ಲೆಕ್ಕದ್ದು. ಅದರ ತುಟಿ ಕಲ್ಲಿಗೆ ತಾಗಿದ್ದು ಕೈಗೆ ಗೊತ್ತಾಗುತ್ತೆ. ತಾಗಿದ ಕೂಡ್ಲೇ ಸುತ್ತೋದು ನಿಲ್ಲಿಸಿ, ಅದು ತೇಲೋ ಜಾತಿ, ತಾನೇ ಮೇಲೇಳುತ್ತೆ. ಎಳೆದಾಡಿದ್ರೆ ಕಲ್ಲಿನ ಸಂದಿಗೆ ಬಿಗಿದುಕೊಳ್ಳುತ್ತೆ. ಮೀನು ಹೊಡೆಯೋದೂ ಹೆಚ್ಚಾಗಿ ಆ ಮೇಲೇಳೋ ಕ್ಷಣದಲ್ಲೇ. ನೇರವಾಗಿ ಬರದೆ ಬಲಕ್ಕೆ ಓಡಿದ್ರೆ ಮೂಗಿನ ಕೊಂಡಿಯನ್ನ ಎಡಕ್ಕೆ ಕೂದಲೆಳೆಯಷ್ಟು ಬಗ್ಗಿಸಿ, ಎಡಕ್ಕೆ ಓಡಿದ್ರೆ ಬಲಕ್ಕೆ. ಕೊಂಡೀನ ತಿರುಚಬೇಡಿ, ಬುಡ ಸಡಿಲ ಆಗುತ್ತೆ.

ಅದರ ಮೂರು ಮೊನೆ ಗಾಳ ತೆಗೆದು ಒಂಟಿ ಗಾಳ ಹಾಕಬಹುದು. ಕಲ್ಲಿಗೆ ಸಿಕ್ಕೋದು ಕಡಿಮೆ, ಮೀನು ಬಿಡಿಸೋವಾಗ ಕೈಗೂ ಕ್ಷೇಮ. ಆದ್ರೆ ಹಳೇ ಗಾಳದ ತೂಕಕ್ಕೆ ಹತ್ತಿರ ಇರಬೇಕು, ಭಾರ ಆದ್ರೆ ಅಲುಗಾಟ ಸತ್ತು ಹೋಗುತ್ತೆ.

ಸ್ಟೀಲ್ ತಂತಿ ಬಾಳೆ ಮೀನಿಗೆ ಹಾಕೋವಾಗ ಮಾತ್ರ, 20 ಸೆಂಟಿಮೀಟರ್, 30 ಪೌಂಡಿನದು, ಕ್ರ್ಯಾಂಕ್‌ಬೈಟ್‌ಗೆ. ಕಪ್ಪೆಗೆ ಹಾಕಿದ್ರೆ ಮೂಗು ಮುಳುಗಿ ನಡೆಯೋದಿಲ್ಲ. ಕಪ್ಪೆಗೆ ಬ್ರೇಡ್ ನೇರವಾಗಿ ಕಟ್ಟಿ, ಪ್ರತಿ ಮೀನಿನ ಮೇಲೆ ಕೊನೇ ಒಂದು ಅಡಿ ದಾರ ಬೆರಳಲ್ಲಿ ಸವರಿ. ನವಿರೆದ್ದಿದ್ರೆ ಕತ್ತರಿಸಿ ಮತ್ತೆ ಗಂಟು ಹಾಕಿ.

ಚಾಟರ್‌ಬೈಟ್ ಬಿಡಿ. ದೇವರಬೆಳಕೆರೆ ತರ ಜಲಕಳೆ ಕಟ್ಟಿಕೊಳ್ಳೋ ಕಡೆ ಅದರ ಮುಂದಿನ ತಗಡಿಗೆ ಒಂದು ಬೇರು ಸಿಕ್ಕಿದ್ರೂ ಅದುರೋದು ನಿಂತು ಹೋಗುತ್ತೆ. ಸ್ಪಿನ್ನರ್‌ಬೈಟ್ ಇರೋವಾಗ ಅದು ಯಾಕೆ?

ವೇದಾವತಿ_ಹಿರಿಯೂರು:

ಇನ್ನೊಂದು ಸೇರಿಸ್ತೀನಿ. ರಬ್ಬರ್ ಲೂರ್‌ಗಳನ್ನ ಬಂದ ಪ್ಯಾಕೆಟ್ಟಲ್ಲೇ ಇಡು. ಕ್ರ್ಯಾಂಕ್‌ಬೈಟ್ ಜೊತೆ ಒಂದೇ ಡಬ್ಬಿಗೆ ಹಾಕಿದ್ರೆ ರಬ್ಬರ್‌ನ ಎಣ್ಣೆ ಬಣ್ಣ ತಿಂದು ಡಬ್ಬಿಗೇ ಅಂಟಿಕೊಳ್ಳುತ್ತೆ. ಝೆಡ್‌ಮ್ಯಾನ್ ಕಂಪನಿಯ ಎಲಾಸ್ಟೆಕ್ ಮಾಲು ತಂದ್ರಂತೂ ಬೇರೆ ರಬ್ಬರ್ ಜೊತೆ ತಾಗಲೇಬಾರದು, ಎರಡೂ ಕರಗಿ ಗೋಂದಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಬಾಕ್ಸಲ್ಲಿ ಬಿಡಬೇಡ, ಬಾಲ ಬಾಗಿದ್ದು ಬಾಗಿದಂಗೇ ನಿಲ್ಲುತ್ತೆ. ಬಾಗಿದ್ರೆ ಬಿಸಿ ನೀರಿಗೆ ಸ್ವಲ್ಪ ಹೊತ್ತು ಅದ್ದಿ, ನೆಟ್ಟಗೆ ಮಲಗಿಸಿ ಆರಿಸು.

ಕೆರೆಏರಿ_ದಾವಣಗೆರೆ:

ಹಂಗಾದ್ರೆ ಪಟ್ಟಿ ಹೀಗೆ ಕಳಿಸ್ತಿದೀನಿ: ಪ್ಯಾಡ್ ಕ್ರ್ಯಾಷರ್ 2, ಕೊಲರಾಡೊ ತಗಡಿನ ಸ್ಪಿನ್ನರ್‌ಬೈಟ್ 2, ಸೆಂಕೊ 1 ಪ್ಯಾಕೆಟ್, 4/0 ಆಫ್‌ಸೆಟ್ ಗಾಳ 1 ಪ್ಯಾಕೆಟ್, ಡಿಟಿ 6 ಒಂದು. ಪ್ಯಾಡಲ್ ಟೇಲ್ ಇಲ್ಲೇ ತಗೋತೀನಿ. ಬ್ರೇಡೂ ಅಲ್ಲಿಂದಲೇ ಹೇಳಲಾ?

ಹರಿಹರದ_ಗಾಳ:

ಬ್ರೇಡ್ ಆನ್‌ಲೈನಲ್ಲಿ ಇಲ್ಲೇ ಸಿಗುತ್ತೆ. ಆ ದುಡ್ಡಿಗೆ ಇನ್ನೊಂದು ಪ್ಯಾಕೆಟ್ ಗಾಳ ಹೇಳಿ, ಮೊದ್ಲು ಖಾಲಿ ಆಗೋದು ಅವೇ. ಗಾಳ ಇರೋದನ್ನೆಲ್ಲ ಚೆಕ್ ಇನ್ ಬ್ಯಾಗಿಗೆ ಹಾಕಲಿ, ಕೈಚೀಲದಲ್ಲಿದ್ರೆ ವಿಮಾನ ನಿಲ್ದಾಣದಲ್ಲಿ ತೆಗೆಸಬಹುದು. ಸ್ಪಿನ್ನರ್‌ಬೈಟ್ ತೋಳು ಬಗ್ಗದಂತೆ ರಟ್ಟಿನ ಜೊತೆ ಸುತ್ತಿ ತರೋಕೆ ಹೇಳಿ.