ಊರಲ್ಲಿ ಬೀಗ ಹಾಕಿಟ್ಟ ಮನೆಗಳಿಗೆ ದಂಡ ಹಾಕ್ಬೇಕಾ ಬೇಡ್ವಾ? (ಶಿರಸಿ ಕಡೆಯೋರು ಹೇಳಿ)

ತೋಟಪಟ್ಟಿ: ಪಕ್ಕದ ಮನೆಗೆ ಬೀಗ ಬಿದ್ದು ಎಷ್ಟೋ ಮಳೆಗಾಲ ಆಯ್ತು, ಹಂಚು ಜಾರಿದೆ, ಮಣ್ಣಿನ ಗೋಡೆ ಕುಸೀತಾ ಇದೆ, ಅದು ಹಾಳಾಗ್ಲಿ, ಅವ್ರ ಅಡಿಕೆ ತೋಟಕ್ಕೆ ಬೋರ್ಡೋ (ಕೊಳೆರೋಗದ ಮದ್ದು) ಹೊಡೆಯೋರೇ ಇಲ್ಲ, ಅಲ್ಲಿ ಶುರುವಾದ ಕೊಳೆ ಗಾಳಿಮಳೆಗೆ ನಮ್ಮ ಅಡಿಕೆ ಕೊನೆಗೇ (ಗೊನೆಗೇ) ಬರೋದು. ಇಂಥೋರಿಗೆ ದಂಡ ಹಾಕ್ಬೇಕು.

ಬೆಂಗ್ಳೂರು_ವಾಸಿ: ದಂಡವಾ? ನಮ್ಮನೆ ನಮ್ಮ ಬೀಗ. ತೆರಿಗೆ ಕಟ್ತಿದ್ದೇವೆ.

ಕಾಳಿಸೇತುವೆ: "ನಮ್ಮ ಬೀಗ" ಅಂದ್ರಿ, ಒಳಗಿನ ಸೊಳ್ಳೆಗೂ ಹಾಕಿದೀರಾ? 2024ರಲ್ಲಿ ಸರ್ಕಾರ ಡೆಂಗಿನ ಸಾಂಕ್ರಾಮಿಕ ಅಂತ ಘೋಷಿಸಿ ನಿಯಮ ತಂತು, ಸೊಳ್ಳೆ ಹುಟ್ಟೋಕೆ ಬಿಟ್ಟ ಖಾಲಿ ಜಾಗಕ್ಕೆ ಪೇಟೇಲಿ 2000, ಹಳ್ಳೀಲಿ 1000 ದಂಡ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ಸೈಟು ಆರಿಸ್ಕೊಂಡು ಕೆಲವನ್ನ ಸ್ವಚ್ಛ ಮಾಡಿ ಹುಲ್ಲು ಬೆಳೆಸಿದ್ರು, ಬಡವರಿರೋ ಕಡೆ ಗುಂಡಿನ ದಾಳಿ ಶೇ. 29 ಇಳೀತು, 2018ರ ಅಧ್ಯಯನ.

ಬೆಂಗ್ಳೂರು_ವಾಸಿ: ಗುಂಡಿನ ದಾಳಿ! ಶಿರಸೀಲಿ ಕೋವಿ ಇರೋದು ಮಂಗ ಓಡ್ಸೋಕೆ ಮಾರಾಯ 😂

ಹಳೇಮಂದಿ: ಮೂಲ ಕಾರಣ ಯಾರೂ ಹೇಳಲ್ಲ. 2005ರಲ್ಲಿ ಹೆಣ್ಮಕ್ಕಳಿಗೂ ಪಾಲು ಅಂತ ಆಯ್ತು, ಮನೆ ಯಾರ್ದೂ ಅಲ್ದಂಗೆ ಆಗಿ ಬೀಗ ಬಿತ್ತು.

ಅಂಕೋಲೆ_ಹುಡುಗಿ: ಬಂತು ನೋಡಿ. ಕರ್ನಾಟಕದಲ್ಲಿ ಆ ಹಕ್ಕು 1994ರಲ್ಲೇ ಬಂದಿದ್ದು, ಮೊದ್ಲು ಓದ್ಕೊಳ್ಳಿ. ಬೆಂಗ್ಳೂರಿಗೆ ಹೋಗಿ ಕೂತೋರು ಗಂಡುಮಕ್ಕಳು, ಬೈಸ್ಕೊಳ್ಳೋದು ತಂಗಿ!

ಹಳೇಮಂದಿ: ಆವಾಗ ಮದುವೆ ಆಗಿ ಹೋದೋರಿಗೆ ಇರ್ಲಿಲ್ಲ, ಅದನ್ನ ಯಾಕೆ ನುಂಗಿದ್ರಿ? 2020ರಲ್ಲಿ ಸುಪ್ರೀಂ ಕೋರ್ಟು ಅಪ್ಪ 2005ಕ್ಕೆ ಮೊದ್ಲೇ ತೀರ್ಕೊಂಡಿದ್ರೂ ಪಾಲು ಉಂಟು ಅಂತು.

ಅಂಕೋಲೆ_ಹುಡುಗಿ: 2004 ಡಿಸೆಂಬರ್ 20ರ ಒಳಗೆ ರಿಜಿಸ್ಟರ್ ಆದ ಪಾಲುಪತ್ರ ಮುಟ್ಟಂಗಿಲ್ಲ ಅಂತ್ಲೂ ಉಂಟು. ನೆಟ್ಟಗೆ ಪಾಲು ಮಾಡ್ಕೊಂಡೋರಿಗೆ ಎಂತ ಭಯ?

ಕಾಳಿಸೇತುವೆ: ಸೊಳ್ಳೆ ವಿಷ್ಯಕ್ಕೆ ಬರ್ತೀರಾ ಯಾರಾದ್ರೂ

ಹಳೇಮಂದಿ: ಸೊಳ್ಳೆ ಆಮೇಲೆ. ಭಯ ಅಂದ್ರಲ್ಲ, ಯಾರಿಗ್ರಿ ಭಯ? ವರ್ಷಾನುಗಟ್ಟಲೆ ತೋಟದ ಕಡೆ ತಲೆ ಹಾಕದೋರು ಅಡಿಕೆ ರೇಟು ಏರಿದ್ ಕೂಡ್ಲೇ ವಕೀಲರನ್ನ ಕರ್ಕೊಂಡು ಬರ್ತಾರೆ.

ಅಂಕೋಲೆ_ಹುಡುಗಿ: ತಲೆ ಹಾಕೋಕೆ ಬಿಟ್ಟಿದ್ರಾ? ಕೀಲಿಕೈ ಯಾರ ಕಿಸೇಲಿ ಇತ್ತು?

ತೋಟಪಟ್ಟಿ: ಪಾಲು ಯಾರಿಗಾದ್ರೂ ಹೋಗ್ಲಿ ಮಾರಾಯ್ರೆ, ಬೋರ್ಡೋ ಯಾರು ಹೊಡೀತೀರಿ? ಇಲ್ಲ ತೋಟ ಗೇಣಿಗಾದ್ರೂ ಕೊಡಿ.

ಬೆಂಗ್ಳೂರು_ವಾಸಿ: ಗೇಣಿ? 1974ರಲ್ಲಿ ಉಳುವವನೇ ಒಡೆಯ ಆಗಿದ್ದು ಮರ್ತೋಯ್ತಾ, ಗೇಣಿಗೆ ಕೊಡೋಕೆ ಕಾನೂನೇ ಬಿಡಲ್ಲ. ಬಿಟ್ರೂ ಕೊಡಲ್ಲ.

ತೋಟಪಟ್ಟಿ: ಹಾಗಾದ್ರೆ ಮದ್ದಿನ ಖರ್ಚು ಕಳ್ಸಿ, ನಾನೇ ಹೊಡೆಸ್ತೆ.

ಬೆಂಗ್ಳೂರು_ವಾಸಿ: ಖರ್ಚು ಕಳ್ಸೋಣ, ಕೊನೆ ಇಳಿಸೋದೂ ನೀವೇನಾ? ನೋಡ್ಕೊಳ್ತೇನೆ ಅಂದೋರ ಅಂಗಳದಲ್ಲೇ ನಮ್ಮ ಅಡಿಕೆ ಒಣಗಿದ್ದು ನೋಡಿದೇನೆ.

ತೋಟಪಟ್ಟಿ: ನನ್ನ ಕಳ್ಳ ಅಂದ್ರಾ ಈಗ?

ಹಳೇಮಂದಿ: ಕೀಲಿಕೈ ಅಜ್ಜಿ ಹತ್ರ ಇತ್ತು, ಅಂಕೋಲೆಯೋರೆ.