ಜಿಮ್‌ಗೆ ಹೊಸಬ, ಎಲ್ಲಿಂದ ಶುರು ಮಾಡ್ಲಿ? ಅನುಭವ ಇರೋರು ಸ್ವಲ್ಪ ಹೇಳಿ

ಹಾಸನ್ ಹುಡ್ಗ:
ಎಲ್ರಿಗೂ ನಮಸ್ಕಾರ. ವಯಸ್ಸು 34, ಬೆಂಗ್ಳೂರಲ್ಲಿ ಕೂತು ಮಾಡೋ ಕೆಲ್ಸ, ಎತ್ತರ 5 ಅಡಿ 7 ಇಂಚು, ತೂಕ 82 ಕೆಜಿ. ಕಾಲೇಜ್ ಬಿಟ್ಮೇಲೆ ಕ್ರಿಕೆಟ್ಟೂ ಇಲ್ಲ ವಾಕಿಂಗೂ ಇಲ್ಲ. ಮನೆ ಹತ್ರ ಒಂದು ಜಿಮ್ ಇದೆ, ವಿಚಾರಿಸಿದ್ರೆ ತಿಂಗ್ಳಿಗೆ 2,500, ಮೂರು ತಿಂಗ್ಳಿಗೆ 6,000, ವರ್ಷಕ್ಕಾದ್ರೆ 14,000, ಅದೂ ಇವತ್ತೇ ಕಟ್ಟಿದ್ರೆ ಮಾತ್ರ ಅಂತಾರೆ. ಮೇಲಿಂದ ಪಿಟಿ (ಪರ್ಸನಲ್ ಟ್ರೇನಿಂಗ್) ತಗೊಳ್ಳಿ ಸರ್ ಇಲ್ಲಾಂದ್ರೆ ರಿಸಲ್ಟ್ ಬರಲ್ಲ ಅಂತ ಬೇರೆ. ಮನೇಲಿ ಅಮ್ಮ ಅಂತೂ ಅಪ್ಪು ಹೋದಾಗಿಂದ ಜಿಮ್ ಅನ್ನೋ ಮಾತೆತ್ತಿದ್ರೇ ಬೇಡ ಕಣಪ್ಪ ಅಂತಾರೆ. ಮೊಟ್ಟೆ ತಿಂತೀನಿ, ಮಾಂಸ ಇಲ್ಲ. ಪ್ರೋಟೀನ್ ಪೌಡರ್ ಬೇಕಾ? ಮೊದಲ್ನೇ ದಿನ ಒಳಗೋಗಿ ಏನ್ ಮಾಡ್ಬೇಕು ಅನ್ನೋದೇ ಗೊತ್ತಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಸಂಜೆ ಬ್ಯಾಚ್:
ಗುರೂ, ಮೊದ್ಲು ದುಡ್ಡಿನ ವಿಷ್ಯ ಮುಗಿಸ್ಬಿಡೋಣ. ವರ್ಷದ್ದು ಕಟ್ಬೇಡ. ಜನವರಿಲಿ ಯಾವ ಜಿಮ್‌ಗಾದ್ರೂ ಹೋಗಿ ನೋಡು, ಡಂಬಲ್ ಹಿಡಿಯೋಕೂ ಕ್ಯೂ ಇರತ್ತೆ, ಯುಗಾದಿ ಹೊತ್ಗೆ ಅರ್ಧ ಖಾಲಿ. ವರ್ಷದ ಪ್ಯಾಕೇಜ್ ನಡಿಯೋದೇ ಕಟ್ಟಿ ಬರ್ದೆ ಇರೋರ ದುಡ್ಡಲ್ಲಿ. ಮೂರು ತಿಂಗ್ಳದ್ದು ಕಟ್ಟು, ಅಷ್ಟರಲ್ಲಿ ನೀನು ಹೋಗೋನಾ ಅಲ್ವಾ ನಿಂಗೇ ಗೊತ್ತಾಗತ್ತೆ. 'ಇವತ್ತೇ ಲಾಸ್ಟ್' ಆಫರ್ ಮುಂದಿನ ತಿಂಗ್ಳೂ ಇರತ್ತೆ, ತಲೆ ಕೆಡಿಸ್ಕೋಬೇಡ. ಕಟ್ಟೋಕ್ ಮುಂಚೆ ನೀನು ಹೋಗೋ ಟೈಮಲ್ಲೇ ಒಂದಿನ ಟ್ರಯಲ್ ಕೇಳು. ಬೆಳಿಗ್ಗೆ 11ಕ್ಕೆ ಹೋಗಿ ನೋಡಿದ್ರೆ ಎಲ್ಲಾ ಜಿಮ್ಮೂ ಚೆನ್ನಾಗೇ ಕಾಣತ್ತೆ, ಸಂಜೆ 7ಕ್ಕೆ ಹೋಗಿ ನೋಡು.

ಈಗ ಒಳಗೆ ಏನ್ ಮಾಡೋದು ಅಂದ್ರೆ, ವಾರಕ್ಕೆ ಮೂರೇ ದಿನ, ಸೋಮ ಬುಧ ಶುಕ್ರ ಅಂತ ಇಟ್ಕೋ, ಪ್ರತಿ ಸಲಾನೂ ಫುಲ್ ಬಾಡಿ. ಅಲ್ಲಿರೋ ಹುಡುಗ್ರು ಇವತ್ತು ಚೆಸ್ಟ್ ನಾಳೆ ಬ್ಯಾಕ್ ನಾಡಿದ್ದು ಲೆಗ್ಸ್ ಅಂತ ಆರು ದಿನದ ಶೆಡ್ಯೂಲ್ ಬರ್ಕೊಡ್ತಾರೆ, ಅದು ಹಳಬ್ರಿಗೆ ಸರಿ. ಹೊಸಬ ಆಫೀಸಲ್ಲಿ ಲೇಟಾಗಿ ಒಂದಿನ ತಪ್ಪಿಸಿದ ಅಂದ್ರೆ ಆ ವಾರ ಕಾಲಿಗೆ ವ್ಯಾಯಾಮಾನೇ ಇಲ್ಲ, ಆಮೇಲೆ ಅದೇ ಅಭ್ಯಾಸ ಆಗೋಗತ್ತೆ. ಫುಲ್ ಬಾಡಿ ಅಂದ್ರೆ ಜಾಸ್ತಿ ಏನಿಲ್ಲ. ಎದೆ ಹತ್ರ ಒಂದು ಡಂಬಲ್ ಹಿಡ್ಕೊಂಡು ಗೋಬ್ಲೆಟ್ ಸ್ಕ್ವಾಟ್, ಎರಡು ಡಂಬಲ್ ಹಿಡ್ಕೊಂಡು ಸೊಂಟದಿಂದ ಬಗ್ಗೋ ರೊಮೇನಿಯನ್ ಡೆಡ್‌ಲಿಫ್ಟ್, ಕೂತು ಮುಂದಕ್ಕೆ ತಳ್ಳೋ ಚೆಸ್ಟ್ ಪ್ರೆಸ್ ಮಷೀನ್, ಮೇಲಿಂದ ರಾಡ್ ಎದೆ ಕಡೆ ಎಳಿಯೋ ಲ್ಯಾಟ್ ಪುಲ್‌ಡೌನ್, ಕೂತು ಹೊಟ್ಟೆ ಕಡೆ ಎಳಿಯೋ ಸೀಟೆಡ್ ರೋ, ಕೊನೆಗೆ ಮೊಣಕೈ ಊರಿ ಮೈ ನೇರ ಹಿಡಿಯೋ ಪ್ಲ್ಯಾಂಕ್. ಮೊದಲ ಎರಡು ವಾರ ಎರಡೆರಡೇ ಸೆಟ್, ಆಮೇಲೆ ಮೂರು. ಒಂದು ಸೆಟ್‌ಗೆ 8ರಿಂದ 12 ರೆಪ್ (ಒಂದ್ಸಲ ಎತ್ತಿ ಇಳಿಸಿದ್ರೆ ಒಂದು ರೆಪ್, ನಿಲ್ಸದೆ ಮಾಡೋ ಅಷ್ಟೂ ಸೇರಿ ಒಂದು ಸೆಟ್), ಸೆಟ್ ಮಧ್ಯ ಒಂದೂವರೆ ಎರಡು ನಿಮಿಷ ಕೂತ್ಕೋ, ಫೋನ್ ಹಿಡ್ಕೊಂಡ್ರೆ ಅದು ಹತ್ತು ನಿಮಿಷ ಆಗತ್ತೆ ಹುಷಾರು.

ಎಷ್ಟು ತೂಕ ಅಂತ ಎಲ್ರೂ ಕೇಳ್ತಾರೆ. ಸೆಟ್ ಮುಗ್ಸಿದಾಗ ಇನ್ನೂ ಎರಡ್ಮೂರು ಆರಾಮಾಗಿ ಹೊಡಿಬೋದಿತ್ತು ಅನ್ನಿಸ್ಬೇಕು, ಅಷ್ಟೇ ತೂಕ. ಎಲ್ಲಾ ಸೆಟ್ಟಲ್ಲೂ 12 ಮುಟ್ಟಿತು ಅಂದ್ರೆ ಮುಂದಿನ ಸಲ ಎರಡೂವರೆ ಕೆಜಿ ಏರಿಸು, ರೆಪ್ ಮತ್ತೆ 8ಕ್ಕೆ ಇಳಿಯತ್ತೆ, ಮತ್ತೆ 12ಕ್ಕೆ ಹತ್ತಿಸು. ಇದನ್ನ ಫೋನಲ್ಲೋ ನೋಟ್‌ಬುಕ್ಕಲ್ಲೋ ಬರ್ದಿಡು. ಬರೀದೇ ಇದ್ರೆ ಯುಗಾದಿಗೆ ಎತ್ತಿದ್ದನ್ನೇ ದೀಪಾವಳಿಗೂ ಎತ್ತಾ ಇರ್ತೀಯ. ಇನ್ನೊಂದು, ಆ ಉದ್ದದ ಒಲಿಂಪಿಕ್ ರಾಡ್ ಇದ್ಯಲ್ಲ, ಪ್ಲೇಟ್ ಹಾಕ್ದೇನೇ ಅದು 20 ಕೆಜಿ, ಬೆಂಚ್ ಪ್ರೆಸ್ಸಿಗೆ ಮಲಗಿದ ತಕ್ಷಣ ಪಕ್ಕದೋನು ನೋಡ್ತಾನೆ ಅಂತ ಎರಡೂ ಕಡೆ ಪ್ಲೇಟ್ ಏರಿಸ್ಬೇಡ.

ಫ್ಲೋರ್ ಟ್ರೇನರ್:
ಮೇಲಿನವ್ರು ಹೇಳಿದ್ದು ಹೆಚ್ಚುಕಮ್ಮಿ ಸರಿ. ಪಿಟಿ ವಿಷ್ಯದಲ್ಲಿ ನಾನು ಒಳಗಿಂದ ಒಂದು ಮಾತು ಹೇಳ್ತೀನಿ. ನಮ್ಗೆ ಸಂಬಳ ಕಮ್ಮಿ, ಪಿಟಿ ಹಿಡಿದ್ರೆ ಅದ್ರಲ್ಲಿ ಪಾಲು ಸಿಗತ್ತೆ, ಅದಕ್ಕೇ ಎಲ್ರೂ ನಿಮ್ಮ ಬೆನ್ನು ಬೀಳೋದು. ಹಾಗಂತ ಪಿಟಿ ಸುಳ್ಳು ಅಂತಲ್ಲ ಸರ್. ಸ್ಕ್ವಾಟ್ ಮಾಡ್ವಾಗ ಬೆನ್ನು ಗೂನಾಗ್ತಿದ್ಯಾ, ಮಂಡಿ ಒಳಗೆ ಬೀಳ್ತಿದ್ಯಾ ಅನ್ನೋದು ನಿಮ್ಗೇ ಗೊತ್ತಾಗಲ್ಲ, ಕನ್ನಡಿಲಿ ಪೂರ್ತಿ ಕಾಣಲ್ಲ. ಎಂಟತ್ತು ಸೆಷನ್ ಮಾತ್ರ ಕೊಡ್ತೀರಾ ಅಂತ ಕೇಳಿ, ಸುಮಾರು ಕಡೆ ಕೊಡ್ತಾರೆ, ಬಾಯ್ಬಿಟ್ಟು ಹೇಳಲ್ಲ ಅಷ್ಟೇ. ಅಷ್ಟ್ರಲ್ಲಿ ಐದಾರು ಮೂವ್‌ಮೆಂಟ್ ಕಲ್ತು ನಿಲ್ಸಿ. ದುಡ್ಡಿಲ್ವಾ, ಬೇಡ ಬಿಡಿ, ಫೀಸ್ ಕಟ್ಟಿದ್ದೀರಲ್ಲ, ಫ್ಲೋರಲ್ಲಿ ಇರೋ ಟ್ರೇನರ್‌ನ 'ಅಣ್ಣ ನಾನು ಮಾಡೋ ರೀತಿ ಸರಿ ಇದ್ಯಾ ಒಂದ್ಸಲ ನೋಡಿ' ಅಂತ ಧೈರ್ಯವಾಗಿ ಕರೀರಿ, ಅದು ನಮ್ಮ ಕೆಲ್ಸಾನೇ.

ಉಸಿರು ಕಟ್ಟಿ ಎತ್ಬೇಡಿ. ಎತ್ತುವಾಗ ಬಿಡಿ, ಇಳಿಸುವಾಗ ತಗೊಳ್ಳಿ. ಉಸಿರು ಬಿಗಿ ಹಿಡಿದಾಗ ಬಿಪಿ ಜಾಸ್ತಿ ಏರತ್ತೆ. ಶೂ ಬಗ್ಗೆ ಯಾರೂ ಹೇಳಲ್ಲ, ಮೆತ್ತಗಿರೋ ರನ್ನಿಂಗ್ ಶೂ ಹಾಕ್ಕೊಂಡು ಸ್ಕ್ವಾಟ್ ಮಾಡಿದ್ರೆ ಕಾಲು ಅಲ್ಲಾಡತ್ತೆ, ತಳ ಚಪ್ಪಟೆ ಇರೋ ಹಳೇ ಕ್ಯಾನ್ವಾಸ್ ಶೂ ಸಾಕು. ಇನ್ನು ಯಾರಾದ್ರೂ, ಟ್ರೇನರೇ ಆಗಿದ್ರೂ ಸರಿ, ಫ್ಯಾಟ್ ಬರ್ನರ್ ಮಾತ್ರೆ, ಇಂಜೆಕ್ಷನ್ನು ಅಂತ ಬಾಯ್ಬಿಟ್ರೆ ಆ ಮನುಷ್ಯನ ಹತ್ರ ವ್ಯಾಯಾಮ ಕೂಡ ಕಲೀಬೇಡಿ.

ಮಲ್ನಾಡ್ ಹುಡ್ಗಿ:
ಹೆಣ್ಮಕ್ಳು ಯಾರಾದ್ರೂ ಇದನ್ನ ಓದ್ತಿದ್ರೆ ಅವ್ರಿಗಂತ ಬರೀತಿದ್ದೀನಿ. ಶಿವಮೊಗ್ಗದಲ್ಲಿ ನಾನು ಸೇರಿದಾಗ ನಂಗೆ ತೋರಿಸಿದ್ದು ಟ್ರೆಡ್‌ಮಿಲ್ಲು, ಸೈಕಲ್ಲು, ಒಂದು ಜೊತೆ ಪಿಂಕ್ ಡಂಬಲ್. ಮೇಡಂ ನೀವು ವೇಟ್ ಎತ್ತಿದ್ರೆ ಗಂಡಸ್ರ ಥರ ಆಗ್ತೀರ ಅಂದ್ರು! ಹೀಗೆಲ್ಲ ಆಗಲ್ಲ ರೀ. ಹುಡುಗ್ರೇ ವರ್ಷಗಟ್ಲೆ ಬೆವರು ಸುರಿಸಿ ಎರಡು ಇಂಚು ತೋಳಿಗೆ ಒದ್ದಾಡ್ತಾರೆ, ನಮ್ಗೆ ಟೆಸ್ಟೋಸ್ಟೆರಾನ್ ಅವ್ರಿಗಿಂತ ಎಷ್ಟೋ ಪಟ್ಟು ಕಮ್ಮಿ, ಅಕಸ್ಮಾತ್ ಎಲ್ಲಿಂದ ಬಾಡಿ ಬರತ್ತೆ. ಮೂಳೆಗೆ ಇದು ಬೇಕೇ ಬೇಕು, ಮನೇಲಿ ಅಮ್ಮ ಅತ್ತೆ ಮಂಡಿ ಹಿಡ್ಕೊಂಡು ಮೆಟ್ಲು ಹತ್ತೋದು ನೋಡಿದೋರಿಗೆ ಬೇರೆ ಹೇಳ್ಬೇಕಿಲ್ಲ. ನಾನು ಎತ್ತೋದು ನೋಡಿ ಒಬ್ರು ಅಂಕಲ್ ಬಂದು ಸಲಹೆ ಕೊಡೋಕೆ ಶುರು ಮಾಡಿದ್ರು, ಇಯರ್‌ಫೋನ್ ಹಾಕ್ಕೊಂಡ್ಬಿಟ್ಟೆ, ಹಾಡು ಹಾಕಿರ್ಲಿಲ್ಲ ಅನ್ನೋದು ಬೇರೆ ಮಾತು.

ಹಾಸನದವ್ರೇ, ನಿಮ್ಮ ಅಮ್ಮನ ಭಯಾನ ಸುಮ್ನೆ ತಳ್ಳಿಹಾಕ್ಬೇಡಿ. ಅಪ್ಪು ಹೋದ 2021ರ ಅಕ್ಟೋಬರ್ 29 ಆದ್ಮೇಲೆ ಎಲ್ರ ಮನೇಲೂ ಇದೇ ಕಥೆ, ಜಯದೇವ ಆಸ್ಪತ್ರೆ ಮುಂದೆ ಹಾರ್ಟ್ ಚೆಕಪ್‌ಗೆ ಜನ ಸಾಲು ನಿಂತಿದ್ದು ನೆನಪಿರ್ಬೇಕಲ್ಲ. 46 ವರ್ಷಕ್ಕೆ ಅಷ್ಟು ಗಟ್ಟಿಮುಟ್ಟಾಗಿದ್ದೋರು ಹೋದ್ರು ಅಂದ್ರೆ ತಾಯಂದ್ರಿಗೆ ಭಯ ಆಗೋದು ಸಹಜ. ವಾದ ಮಾಡೋ ಬದ್ಲು ಸೇರೋಕ್ ಮುಂಚೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾಡಿಸಿ. ಅಪ್ಪನ ಕಡೆ ಅಮ್ಮನ ಕಡೆ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ತೊಂದ್ರೆ ಆಗಿದ್ರೆ ಡಾಕ್ಟರ್ ಹತ್ರ ಅದನ್ನ ಹೇಳಿ, ಇಸಿಜಿ ಬೇಕಾ ಇನ್ನೇನು ಬೇಕಾ ಅವ್ರು ಹೇಳ್ತಾರೆ. ಅಮ್ಮನ್ನೂ ಜೊತೇಲಿ ಕರ್ಕೊಂಡೋಗಿ, ಅವ್ರದ್ದೂ ಬಿಪಿ ನೋಡ್ಸಿದಂಗೆ ಆಗತ್ತೆ, ಡಾಕ್ಟರ್ ಬಾಯಿಂದ ಕೇಳಿದ್ರೆ ಸಮಾಧಾನಾನೂ ಆಗತ್ತೆ. ಮಾಡ್ತಾ ಮಾಡ್ತಾ ಎದೆ ಬಿಗಿಯೋದು, ತಲೆ ಸುತ್ತೋದು, ಎಡಗೈ ದವಡೆ ನೋವು ಬಂದ್ರೆ ಗ್ಯಾಸ್ಟ್ರಿಕ್ ಅಂದ್ಕೊಂಡು ಕೂರ್ಬೇಡಿ, ನಿಲ್ಸಿ ಸೀದಾ ಆಸ್ಪತ್ರೆಗೆ ಹೋಗಿ.

ಹುಬ್ಬಳ್ಳಿ ಕಾಕಾ:
ನಮ್ಮ ಕಡೆ ಹಳೀ ಮಂದಿ ತಾಲೀಮಿಗೆ, ಅಂದ್ರ ಗರಡಿಮನಿಗೆ ಹೋಗವ್ರು, ಕೆಮ್ಮಣ್ಣಿನ ಮಟ್ಟಿ, ಬೆಳಿಗ್ಗೆ ಎದ್ದು ದಂಡ, ಬೈಠಕ್, ಗದೆ ತಿರುಗಿಸೂದು. ಈಗಿನ ಪುಶಪ್ಪು ಸ್ಕ್ವಾಟು ಅದ ಐತಿ, ಹೆಸರು ಬ್ಯಾರೆ. ನಾ ಐವತ್ತು ದಾಟಿದ ಮ್ಯಾಲೆ ಜಿಮ್ಮಿಗೆ ಹೋದಾಂವ, ಹುಡುಗ್ರು ಕಾಕಾ ಬಂದ್ರು ಅಂತ ನಗತಿದ್ರು, ಈಗ ಅವ್ರ ಅರ್ಧ ಮಂದಿ ಬರೂದ ಬಿಟ್ಟಾರ. ತಮ್ಮಾ, ನಾ ಹೇಳೂದು ಇಷ್ಟ, ಮೊದಲನೇ ವಾರ ಭಾಳ ಹುರುಪು ಮಾಡಬ್ಯಾಡ. ಮೊದಲನೇ ದಿನಾ ಎರಡು ತಾಸು ಮಾಡಿ ಮರುದಿನಾ ಸಂಡಾಸಕ್ಕ ಕೂಡಾಕ ಬರದಂಗ ಆದಾವ್ರನ್ನ ನಾ ಭಾಳ ಮಂದಿ ನೋಡೀನಿ. ಮುಕ್ಕಾಲು ತಾಸಿನ್ಯಾಗ ಮುಗಿಸಿ ಮನಿಗಿ ನಡಿ. ಜಿಮ್ ಇಲ್ಲದ ದಿನಾ ಅರ್ಧಾ ತಾಸು ಚುರುಕಾಗಿ ಅಡ್ಡಾಡು, ವಾರಕ್ಕ 150 ನಿಮಿಷ ಆಗಬೇಕಂತ ವಿಶ್ವ ಆರೋಗ್ಯ ಸಂಸ್ಥೆಯವ್ರೂ ಹೇಳ್ಯಾರ, ಅದರ ಜೋಡಿ ಎರಡು ದಿನಾ ಸ್ನಾಯುಗೋಳಿಗೆ ಕೆಲಸಾನೂ ಕೊಡ್ರಿ ಅಂದಾರ. ಎತ್ತಿದ ಪ್ಲೇಟು ತಿರುಗಿ ಅದರ ಜಾಗಾದಾಗ ಇಡು, ಬೆಂಚಿನ ಮ್ಯಾಲಿನ ಬೆವರು ಟವೆಲ್‌ಲೆ ಒರಸು. ಅಷ್ಟ ಮಾಡಿದ್ರ ಯಾರೂ ನಿನ್ನ ಹೊಸಬ ಅಂತ ನಗೂದಿಲ್ಲ.

ಮುದ್ದೆ ಸೊಪ್ಪಿನಸಾರು:
ಊಟದ ಬಗ್ಗೆ ಯಾರೂ ಸರಿಯಾಗಿ ಹೇಳ್ಲಿಲ್ಲ, ನಾನೂ ಮೊಟ್ಟೆ ತನಕ ಮಾತ್ರ ತಿನ್ನೋನು, ಅದಕ್ಕೇ ಬರೀತಿದ್ದೀನಿ. ವೇಟ್ ಎತ್ತೋರಿಗೆ ದಿನಕ್ಕೆ ಕೆಜಿಗೆ 1.6 ಗ್ರಾಂ ಹತ್ರ ಪ್ರೋಟೀನ್ ಇದ್ರೆ ಸಾಕು. ನೀವು 82 ಇದ್ದೀರಿ, ತೂಕ ಇಳಿಸ್ಬೇಕು ಅನ್ನೋರು, ಸೋ 70 ಕೆಜಿ ಲೆಕ್ಕ ಹಿಡೀರಿ, 110 ಗ್ರಾಂ ಆಸುಪಾಸು. ಕೇಳೋಕೆ ಜಾಸ್ತಿ ಅನ್ಸತ್ತೆ. ಮೂರು ಮೊಟ್ಟೆಲಿ 18, ಅರ್ಧ ಲೀಟರ್ ಹಾಲಲ್ಲಿ 16, ಒಂದು ಬಟ್ಲು ಮೊಸರಲ್ಲಿ ಆರೇಳು, ಒಂದು ಹಿಡಿ ಕಡ್ಲೆಕಾಯಿ ಬೀಜದಲ್ಲಿ ಏಳು. 50 ಗ್ರಾಂ ಸೋಯಾ ಚಂಕ್ಸಲ್ಲೇ 26 ಬರತ್ತೆ, ನೆನೆಸಿ ಹಿಂಡಿ ಪಲ್ಯಕ್ಕೆ ಹಾಕಿ, ಹಿಂಡ್ದೆ ಹಾಕಿದ್ರೆ ವಾಸನೆ. ಇನ್ನು ಹುರುಳಿಕಾಳು, ಹೆಸರುಕಾಳು, ತೊಗರಿಬೇಳೆ, ಮುದ್ದೆ, ಅನ್ನ ಎಲ್ಲಾ ಸೇರ್ಸಿ ಮೂವತ್ತು ಚಿಲ್ಲರೆ ಆಗತ್ತೆ. ಪೌಡರ್ ಇಲ್ದೇನೇ ಹತ್ರತ್ರ ಮುಟ್ಟಿದ್ರಿ ನೋಡಿ.

ಒಂದೇ ತೊಂದ್ರೆ ಏನಂದ್ರೆ ನಾವು ಸಾರು ಅಂತ ಮಾಡೋದು ನೀರು, ತಟ್ಟೆ ತುಂಬ ಅನ್ನ, ಅದ್ರ ಮೇಲೆ ಸ್ಪೂನ್ ಲೆಕ್ಕದಲ್ಲಿ ಬೇಳೆ. ಗಟ್ಟಿಯಾಗಿ ಮಾಡೋಕೆ ಹೇಳಿ ಮನೇಲಿ, ಇಲ್ಲಾ ನೀವೇ ಮಾಡಿ. ರಾಗಿಲಿ ಪ್ರೋಟೀನ್ ತುಂಬಾ ಇದೆ ಅಂತ ಹೇಳ್ಕೊಂಡು ಓಡಾಡ್ತಾರೆ, 100 ಗ್ರಾಂ ಹಿಟ್ಟಲ್ಲಿ ಏಳು ಗ್ರಾಂ ಅಷ್ಟೇ, ರಾಗಿ ಬೇಕಿರೋದು ಕ್ಯಾಲ್ಸಿಯಂಗೆ. ವ್ಹೇ ಪೌಡರ್ ಅನ್ನೋದು ಔಷಧಿ ಅಲ್ಲ, ವಿಷಾನೂ ಅಲ್ಲ, ಹಾಲಿಂದ ತೆಗೆದಿದ್ದು. ಒಂದು ಸ್ಕೂಪಲ್ಲಿ 24 ಗ್ರಾಂ ಆಸುಪಾಸು ಸಿಗತ್ತೆ, ಸಂಜೆ ಹೊತ್ತು ಅಡುಗೆಗೆ ಟೈಮಿಲ್ದೋರಿಗೆ ಅನುಕೂಲ. ತಗೊಂಡ್ರೆ ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ) ನಂಬರ್ ನೋಡಿ, ಬಿಲ್ ಇಲ್ದೆ ಜಿಮ್ ಕೌಂಟರಲ್ಲಿ ಅರ್ಧ ರೇಟಿಗೆ ಕೊಡ್ತೀವಿ ಅಂದ್ರೆ ಬೇಡ. ಕಿಡ್ನಿ ತೊಂದ್ರೆ ಮೊದ್ಲೇ ಇರೋರು ಮಾತ್ರ ಡಾಕ್ಟರ್ ಕೇಳ್ದೆ ಪ್ರೋಟೀನ್ ಏರಿಸ್ಬಾರ್ದು.

ಹಾಸನ್ ಹುಡ್ಗ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತಾರೆ ಅಂದ್ಕೊಂಡಿರ್ಲಿಲ್ಲ. ಮೂರು ತಿಂಗ್ಳದ್ದೇ ಕಟ್ತೀನಿ. ಒಂದೇ ಡೌಟು, ಮೊದಲ ದಿನ ಮಾಡಿ ಮೈಕೈ ನೋವು ಬಂದ್ರೆ ರೆಸ್ಟ್ ತಗೋಬೇಕಾ, ನೋವಲ್ಲೇ ಹೋಗ್ಬೇಕಾ?

ಸಂಜೆ ಬ್ಯಾಚ್:
ನೋವು ಬಂದೇ ಬರತ್ತೆ, ಮಾಡಿದ ದಿನಕ್ಕಿಂತ ಎರಡನೇ ದಿನ ಜಾಸ್ತಿ ಇರತ್ತೆ, ಮೂರ್ನಾಲ್ಕು ದಿನದಲ್ಲಿ ಇಳಿಯತ್ತೆ. ಮಾಂಸಖಂಡ ಹಿಡ್ಕೊಂಡಂಗೆ ಎರಡೂ ಕಡೆ ಸಮವಾಗಿ ನೋಯ್ತಿದ್ರೆ ಹೋಗು, ತೂಕ ಕಮ್ಮಿ ಮಾಡಿ ಮಾಡು, ಮೈ ಬಿಸಿ ಆದ್ಮೇಲೆ ಅರ್ಧ ಹೋಗತ್ತೆ. ಕೀಲಲ್ಲಿ ಚುಚ್ಚೋ ನೋವು, ಒಂದೇ ಕಡೆ ನೋವು, ಊತ ಇದ್ರೆ ಹೋಗ್ಬೇಡ.

ಫ್ಲೋರ್ ಟ್ರೇನರ್:
ಇದಕ್ಕೆ ಒಂದು ಸೇರಿಸ್ತೀನಿ ಸರ್, ಅಪರೂಪ, ಆದ್ರೂ ಹೇಳ್ಲೇಬೇಕು. ಮೈಯೆಲ್ಲ ವಿಪರೀತ ನೋವಿದ್ದು ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ ಸ್ನಾಯು ಒಡೆದು ಕಿಡ್ನಿ ಮೇಲೆ ಹೊರೆ ಬೀಳ್ತಿದೆ ಅಂತ, ಎಳನೀರು ಕುಡಿದು ಸರಿ ಹೋಗತ್ತೆ ಅಂತ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಹೊಸಬ್ರು ಮೊದಲ ದಿನವೇ ನೂರಾರು ಸ್ಕ್ವಾಟ್ ಚಾಲೆಂಜ್ ಮಾಡೋಕೆ ಹೋದಾಗ ಆಗೋ ತರದ್ದು ಇದು. ಕಾಕಾ ಹೇಳಿದ ಮುಕ್ಕಾಲು ತಾಸಿಗೆ ನಿಲ್ಸಿದ್ರೆ ಇದ್ರ ತಂಟೆ ಬರೋದು ಕಷ್ಟ. ಸೋಮವಾರ ಶುರು ಮಾಡ್ತೀರಾದ್ರೆ ಟವೆಲ್, ನೀರಿನ ಬಾಟ್ಲು, ಬೇರೆ ಶೂ ಮರೀಬೇಡಿ, ಸುಮಾರು ಕಡೆ ಹೊರಗಿನ ಶೂಲಿ ಒಳಗೆ ಬಿಡಲ್ಲ.